ನಿನ್ನ ಮನೆಯ ಎದುರಿನ ಗೋಡೆ

ವಾಕ್ಯಭಾಗ: ನೆಹೆಮೀಯ 1ರಿಂದ 6ನೇ ಅಧ್ಯಾಯ

ಎಲ್ಲರೂ ನೆಹೆಮೀಯನ ಪುಸ್ತಕ ತೆಗೆಯಿರಿ. ಮೊಬೈಲ್‌ನಲ್ಲಿ ಓದೋರು ದಯವಿಟ್ಟು ನೋಟಿಫಿಕೇಷನ್ ಆಫ್ ಮಾಡಿ. ಆಫೀಸ್ ಗ್ರೂಪ್ ಒಂದು ಗಂಟೆ ಕಾಯಲಿ, ಪರವಾಗಿಲ್ಲ.

ಪ್ರಿಯರೇ, ಪ್ರತಿ ಜನವರಿಯಲ್ಲೂ ಎಷ್ಟೋ ಸಭೆಗಳಲ್ಲಿ ಒಂದು ವಾಗ್ದಾನದ ಬ್ಯಾನರ್ ಕಟ್ತೀವಿ. ವಿಸ್ತರಣೆಯ ವರುಷ, ಕೊಯ್ಲಿನ ವರುಷ ಅಂತ. ಎಲ್ಲರೂ ಆಮೆನ್ ಅಂತೀವಿ. ನಂಬಿಕೆಯಿಂದಲೇ ಅಂತೀವಿ, ಅದರಲ್ಲಿ ಸುಳ್ಳಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ಯಾರಾದರೂ ಬಂದು, "ಬ್ರದರ್, ಈ ವಾರ ಆ ವಾಗ್ದಾನಕ್ಕೆ ಸಂಬಂಧಪಟ್ಟ ಹಾಗೆ ನೀವು ಏನು ಮಾಡ್ತಾ ಇದ್ದೀರಿ?" ಅಂತ ಕೇಳಿದರೆ, ನಾವು ಬ್ಯಾನರ್ ಕಡೆ ನೋಡ್ತೀವಿ. ಬ್ಯಾನರ್ ನಮ್ಮ ಕಡೆ ನೋಡುತ್ತೆ.

ನಿಮ್ಮ ಆಫೀಸಿನಲ್ಲೂ ಹೀಗೇ ಅಲ್ವಾ? ಮೇಲಿನವರು ಒಂದು ಸ್ಲೈಡ್ ತೋರಿಸ್ತಾರೆ. ಐದು ವರ್ಷದಲ್ಲಿ ನಂಬರ್ ಒನ್. ಚಪ್ಪಾಳೆ. ಸೋಮವಾರ ನಿಮ್ಮ ಸೀಟಿಗೆ ಬಂದು ಕೂತಾಗ, ಆ ಸ್ಲೈಡಿಗೂ ನಿಮ್ಮ ಮುಂದಿರೋ ಟಿಕೆಟ್‌ಗೂ ಏನು ಸಂಬಂಧ ಅಂತ ಯಾರೂ ಹೇಳಿರಲ್ಲ. ಮೇಲೆ ಕನಸಿದೆ, ಕೆಳಗೆ ಕೆಲಸ ಇದೆ, ಮಧ್ಯೆ ಏಣಿ ಇಲ್ಲ.

ಮ್ಯಾನೇಜ್ಮೆಂಟ್ ಓದಿದವರಿಗೆ ಇದು ಗೊತ್ತು. ಪೀಟರ್ ಡ್ರಕರ್ 1954ರಲ್ಲೇ ತಮ್ಮ ಪುಸ್ತಕದಲ್ಲಿ ಸಂಸ್ಥೆಯ ಗುರಿಗೂ ಅಲ್ಲಿ ದುಡಿಯುವ ಪ್ರತಿಯೊಬ್ಬ ಮ್ಯಾನೇಜರ್‌ನ ಗುರಿಗೂ ಕೊಂಡಿ ಇರಬೇಕು ಅಂತ ಬರೆದರು. ಆಮೇಲೆ ಇಂಟೆಲ್‌ನಲ್ಲಿ ಆಂಡಿ ಗ್ರೋವ್ ಅದನ್ನು ಬೆಳೆಸಿದರು. ಅಲ್ಲಿ ಕಲಿತ ಜಾನ್ ಡೋರ್ 1999ರಲ್ಲಿ ಅದನ್ನು ಗೂಗಲ್‌ಗೆ ತಗೊಂಡು ಹೋದರು. ನೀವು ಮೂರು ತಿಂಗಳಿಗೊಮ್ಮೆ ತುಂಬೋ ಓಕೆಆರ್ ಅಲ್ಲಿಂದ ಬಂದಿದ್ದು. ಒಳ್ಳೇದೇ. ಆದರೆ ಅದಕ್ಕಿಂತ ಸುಮಾರು 2400 ವರ್ಷ ಮೊದಲೇ ಒಬ್ಬ ಪಾನದಾಯಕ ಒಂದು ಪಟ್ಟಣದ ಗೋಡೆಯನ್ನು 52 ದಿನದಲ್ಲಿ ಕಟ್ಟಿಸಿದ. ಅವನು ಹೇಗೆ ಕಟ್ಟಿಸಿದ ಅಂತ ದೇವರ ವಾಕ್ಯ ಹಂತ ಹಂತವಾಗಿ ಬರೆದಿಟ್ಟಿದೆ. ಹಲ್ಲೆಲೂಯಾ!

ಮೊದಲನೆಯದು: ಮೇಲಿನ ಗುರಿ ಮೊಣಕಾಲಿನ ಮೇಲೆ ಹುಟ್ಟಬೇಕು.

ಶೂಷನ್ ಕೋಟೆಯಲ್ಲಿ, ಅರ್ತಷಸ್ತ ರಾಜನ 20ನೇ ವರ್ಷ, ಕಿಸ್ಲೇವ್ ತಿಂಗಳಲ್ಲಿ ನೆಹೆಮೀಯನಿಗೆ ಸುದ್ದಿ ಬರುತ್ತೆ. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟಿವೆ. ಅವನು ಕೂತು ಅಳ್ತಾನೆ, ಉಪವಾಸ ಮಾಡ್ತಾನೆ. ರಾಜನ ಮುಂದೆ ಬಾಯಿ ತೆರೆಯೋದು ನೀಸಾನ್ ತಿಂಗಳಲ್ಲಿ. ಹತ್ತಿರ ಹತ್ತಿರ ನಾಲ್ಕು ತಿಂಗಳು ಪ್ರಾರ್ಥನೆ, 52 ದಿನ ಕಟ್ಟಡ. ಪ್ರಾರ್ಥನೆಯ ಕಾಲ ಕೆಲಸದ ಕಾಲಕ್ಕಿಂತ ಎರಡು ಪಟ್ಟು ಇತ್ತು.

ಆದರೆ ಗಮನಿಸಿ. ರಾಜನು ಏನು ಬೇಕು ಅಂತ ಕೇಳಿದಾಗ, "ಕರ್ತನು ನಡೆಸ್ತಾನೆ, ನೋಡೋಣ" ಅಂತ ಅವನು ಹೇಳಲಿಲ್ಲ. ಎಷ್ಟು ದಿನ ಬೇಕು ಅಂತ ಅವಧಿ ಹೇಳಿದ. ನದಿಯಾಚೆಯ ಅಧಿಕಾರಿಗಳಿಗೆ ಪತ್ರ ಬೇಕು ಅಂದ. ರಾಜನ ಕಾಡಿನ ಮೇಲ್ವಿಚಾರಕ ಆಸಾಫನಿಗೆ ಬೇರೆ ಪತ್ರ ಬೇಕು ಅಂದ, ತೊಲೆಗಳಿಗೆ ಮರ ಬೇಕಲ್ಲ! ಸಮಯ, ಪರವಾನಗಿ, ಸಾಮಗ್ರಿ ಮೂರೂ ಅವನ ತಲೆಯಲ್ಲಿ ಸಿದ್ಧ ಇತ್ತು. ಎಲ್ಲಿ ಸಿದ್ಧವಾಯ್ತು? ಆ ನಾಲ್ಕು ತಿಂಗಳ ಪ್ರಾರ್ಥನಾ ಕೋಣೆಯಲ್ಲಿ.

ನಮ್ಮಲ್ಲಿ ಕೆಲವರಿಗೆ ಒಂದು ಅನುಮಾನ ಇದೆ. ಪ್ಲಾನ್ ಮಾಡೋದು ಲೋಕದವರ ಕೆಲಸ, ನಾವು ಆತ್ಮನಲ್ಲಿ ನಡೆಯೋರು ಅಂತ. ಪ್ರಿಯರೇ, ಬುರುಜು ಕಟ್ಟೋನು ಮೊದಲು ಕೂತು ಲೆಕ್ಕ ಹಾಕಬೇಕು ಅಂತ ಹೇಳಿದ್ದು ಯಾವ ಎಂಬಿಎ ಮೇಷ್ಟ್ರೂ ಅಲ್ಲ, ನಮ್ಮ ಯೇಸು ಸ್ವಾಮಿಯೇ. ಲೂಕ 14ನೇ ಅಧ್ಯಾಯ ಮನೆಗೆ ಹೋಗಿ ಓದಿ. ಸಿದ್ಧತೆ ಇಲ್ಲದ್ದನ್ನೆಲ್ಲ ನಂಬಿಕೆ ಅಂತ ಕರೆಯಬೇಡಿ. ಕೆಲವು ಸಲ ಅದು ಬರೀ ಸೋಮಾರಿತನ.

ಎರಡನೆಯದು: ಹೇಳೋಕೆ ಮುಂಚೆ ಹೋಗಿ ನೋಡು.

ಯೆರೂಸಲೇಮಿಗೆ ಬಂದ ಮೇಲೆ ಮೂರು ದಿನ ನೆಹೆಮೀಯ ಮೀಟಿಂಗ್ ಕರೆಯಲ್ಲ. ರಾತ್ರಿ ಎದ್ದು, ಕೆಲವೇ ಜನರನ್ನು ಕರ್ಕೊಂಡು, ಗೋಡೆ ಸುತ್ತ ಹೋಗಿ ಪರೀಕ್ಷೆ ಮಾಡ್ತಾನೆ. ಒಂದು ಕಡೆ ಅವನು ಕೂತಿದ್ದ ಪ್ರಾಣಿ ದಾಟೋಕೂ ಜಾಗ ಇರಲಿಲ್ಲ ಅಂತ ವಾಕ್ಯ ಹೇಳುತ್ತೆ. ಎಲ್ಲಿ ಎಷ್ಟು ಕಸ, ಎಲ್ಲಿ ಎಷ್ಟು ಬಿರುಕು ಅಂತ ಕಣ್ಣಾರೆ ನೋಡಿದ ಮೇಲೇ ಜನರ ಮುಂದೆ ನಿಂತು, ಬನ್ನಿ ಕಟ್ಟೋಣ ಅಂತಾನೆ.

ಇಲ್ಲಿರೋ ಟೀಮ್ ಲೀಡ್‌ಗಳು, ಮ್ಯಾನೇಜರ್‌ಗಳು, ಯೂತ್ ಲೀಡರ್‌ಗಳು ಕೇಳಿ. ಮೇಜಿನ ಮೇಲೆ ಕೂತು ಟಾರ್ಗೆಟ್ ಬರೆಯೋದು ಸುಲಭ. ಮನೆ ಕೂಟ ನಡೆಸೋ ಸಿಸ್ಟರ್ ಎಷ್ಟು ಹೊತ್ತಿಗೆ ಕೆಲಸದಿಂದ ಬರ್ತಾರೆ, ಯಾವ ಬಸ್ ಹಿಡೀತಾರೆ, ಅಂತ ಗೊತ್ತಿಲ್ಲದೆ "ಈ ವರ್ಷ ವಾರಕ್ಕೆ ಮೂರು ಕೂಟ" ಅಂತ ಬರೆದರೆ, ಆ ಗುರಿ ಕಾಗದದಲ್ಲೇ ಉಳಿಯುತ್ತೆ. ಮೊದಲು ರಾತ್ರಿ ಸುತ್ತು ಹಾಕಿ ಬನ್ನಿ.

ಮೂರನೆಯದು: ದೊಡ್ಡ ಗೋಡೆಯನ್ನು ಚಿಕ್ಕ ಪಾಲುಗಳಾಗಿ ಹಂಚಬೇಕು.

ಈಗ 3ನೇ ಅಧ್ಯಾಯ. ನಿಜ ಹೇಳಿ, ವರ್ಷದಲ್ಲಿ ಬೈಬಲ್ ಓದಿ ಮುಗಿಸೋ ಪ್ಲಾನ್‌ನಲ್ಲಿ ಈ ಅಧ್ಯಾಯ ಬಂದಾಗ ಎಷ್ಟು ಜನ ಸ್ಕ್ರೋಲ್ ಮಾಡಿದ್ದೀರಿ? ಬರೀ ಹೆಸರುಗಳು. ಇವರು ಇಷ್ಟು ಕಟ್ಟಿದರು, ಅವರ ಪಕ್ಕದಲ್ಲಿ ಅವರು, ಅವರ ಪಕ್ಕದಲ್ಲಿ ಇನ್ನೊಬ್ಬರು. ಆದರೆ ನೆಹೆಮೀಯನ ಪ್ಲಾನ್ ಶೀಟ್ ಇದೇ! ಸುಮಾರು 40 ಪಾಲುಗಳು. ಕುರಿಬಾಗಿಲಿಗೆ ಮಹಾಯಾಜಕ ಎಲ್ಯಾಷೀಬ ಮತ್ತು ಯಾಜಕರು. ಒಂದು ಕಡೆ ಅಕ್ಕಸಾಲಿಗರು, ಪಕ್ಕದಲ್ಲೇ ಸುಗಂಧದ್ರವ್ಯ ಮಾಡೋರು. ಜಿಲ್ಲೆಯ ಅಧಿಪತಿ ಒಬ್ಬ ತಿಪ್ಪೆಬಾಗಿಲು ಕಟ್ಟಿದ. ಹೌದು, ಪಟ್ಟಣದ ಕಸ ಹೋಗೋ ಬಾಗಿಲು, ಅಧಿಪತಿಯ ಕೈಯಲ್ಲಿ! ಶಲ್ಲೂಮ ಅನ್ನೋನು ತನ್ನ ಹೆಣ್ಣುಮಕ್ಕಳ ಜೊತೆ ಒಂದು ಪಾಲು ಕಟ್ಟಿದ. ನಮ್ಮ ಸಿಸ್ಟರ್‌ಗಳಿಗೆ ಅಡುಗೆಮನೆ ಬಿಟ್ಟು ಬೇರೆ ಜವಾಬ್ದಾರಿ ಕೊಡೋಕೆ ಹಿಂದೆಮುಂದೆ ನೋಡೋರು ಆ ವಚನಕ್ಕೆ ಗೆರೆ ಎಳೆದುಕೊಳ್ಳಿ.

ಇಲ್ಲಿ ಮೂರು ಮಟ್ಟ ಕಾಣುತ್ತೆ. ಮೇಲೆ ಒಂದೇ ಗುರಿ: ಯೆರೂಸಲೇಮಿನ ಗೋಡೆ ಏಳಬೇಕು, ಜನರ ನಿಂದೆ ಹೋಗಬೇಕು. ಮಧ್ಯದಲ್ಲಿ ಬಾಗಿಲು ಬಾಗಿಲಿಗೆ, ಪಾಲು ಪಾಲಿಗೆ ಒಬ್ಬೊಬ್ಬ ಮುಖ್ಯಸ್ಥ. ಕೆಳಗೆ ಪ್ರತಿ ಮನೆಗೆ ಇವತ್ತಿನ ಕಲ್ಲು. ಮೇಲಿನವನು ಕೇಳೋ ಪ್ರಶ್ನೆ, ಏನು, ಯಾಕೆ? ಮಧ್ಯದವನು ಕೇಳೋ ಪ್ರಶ್ನೆ, ಯಾರು, ಯಾವ ಭಾಗ, ಯಾವಾಗ? ಕೆಳಗಿನವನು ಕೇಳೋದು, ಇವತ್ತು ನನ್ನ ಕೈಯಲ್ಲಿ ಏನಿದೆ? ಮೂರೂ ಪ್ರಶ್ನೆಗೆ ಉತ್ತರ ಇರೋ ಕಡೆ ಗೋಡೆ ಏಳುತ್ತೆ. ಒಂದು ಮಟ್ಟ ಬಿಟ್ಟುಹೋದರೂ ಸಾಕು, ಬಿರುಕು ಅಲ್ಲೇ ಶುರುವಾಗುತ್ತೆ.

ಎಷ್ಟೋ ಜನರಿಗೆ ಅವರವರ ಮನೆಯ ಎದುರಿನ ಪಾಲೇ ಸಿಕ್ಕಿತ್ತು. ಎಂಥ ಜ್ಞಾನ ನೋಡಿ! ನಿನ್ನ ಮಕ್ಕಳು ಮಲಗೋ ಮನೆಯ ಎದುರಿನ ಗೋಡೆಯನ್ನು ನೀನು ಕಾಟಾಚಾರಕ್ಕೆ ಕಟ್ತೀಯಾ? ಅಲ್ಲಿ ಒಂದು ಕಲ್ಲು ಸಡಿಲ ಬಿಡ್ತೀಯಾ? ದೊಡ್ಡ ಗುರಿ ಅವನ ಸ್ವಂತ ಬಾಗಿಲ ತನಕ ಬಂತು, ಆಗ ಅದು ಅವನದಾಯ್ತು.

ಇನ್ನೊಂದು ಮಾತು. ತೆಕೋವದ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ ಅಂತ ಬರೆದಿದೆ. ಆದರೆ ತೆಕೋವದ ಸಾಮಾನ್ಯ ಜನ ಏನು ಮಾಡಿದರು ಗೊತ್ತಾ? ತಮ್ಮ ಪಾಲು ಕಟ್ಟಿದ ಮೇಲೆ ಇನ್ನೊಂದು ಪಾಲನ್ನೂ ಕಟ್ಟಿದರು. ನಿನ್ನ ಮೇಲಿನವರು ಕೈ ಕಟ್ಟಿ ಕೂತಿದ್ದಾರೆ ಅಂತ ನೀನೂ ಕೂತುಕೊಳ್ಳಬೇಡ. ಬರೆದಿಡೋ ಕರ್ತನು ನಿನ್ನ ಎರಡು ಪಾಲನ್ನೂ ಬರೆದಿಡ್ತಾನೆ. ಆಮೆನ್?

ನಾಲ್ಕನೆಯದು: ಕೆಳಗಿನ ಮಾತು ಮೇಲಕ್ಕೆ ಹೋಗಬೇಕು.

4ನೇ ಅಧ್ಯಾಯದಲ್ಲಿ ಗೋಡೆ ಅರ್ಧ ಎತ್ತರಕ್ಕೆ ಬಂದಿದೆ. ಆಗಲೇ ಕೆಳಗಿನಿಂದ ವರದಿ ಬರುತ್ತೆ: ಹೊರೆ ಹೊರೋರ ಶಕ್ತಿ ಕುಂದಿದೆ, ಕಸ ತುಂಬಾ ಇದೆ, ನಮ್ಮಿಂದ ಆಗಲ್ಲ. ಹೊರಗಡೆ ಸನ್ಬಲ್ಲಟನೂ ಟೋಬೀಯನೂ ಬೆದರಿಸ್ತಾ ಇದ್ದಾರೆ. ನೆಹೆಮೀಯ ಆ ಜನರಿಗೆ ನಂಬಿಕೆ ಕಮ್ಮಿ ಅಂತ ಬೈದನಾ? ಇಲ್ಲ. ಪ್ಲಾನ್ ಬದಲಿಸಿದ. ಕುಟುಂಬ ಕುಟುಂಬವಾಗಿ ಕಾವಲು ನಿಲ್ಲಿಸಿದ. ಅರ್ಧ ಜನ ಕೆಲಸ, ಅರ್ಧ ಜನ ಆಯುಧ ಹಿಡಿದು ಕಾವಲು. ಕೊಂಬು ಊದೋನನ್ನು ತನ್ನ ಪಕ್ಕದಲ್ಲೇ ಇಟ್ಕೊಂಡ, ಎಲ್ಲಿ ಕೊಂಬು ಕೇಳಿಸುತ್ತೋ ಅಲ್ಲಿಗೆ ಎಲ್ಲರೂ ಓಡಿ ಬರಬೇಕು ಅಂದ. ಗುರಿ ಅದೇ ಇತ್ತು, ವಿಧಾನ ಬದಲಾಯ್ತು.

ಪೌಲನೂ ಹೀಗೇ. ಅಪೊಸ್ತಲರ ಕೃತ್ಯಗಳು 16ರಲ್ಲಿ ಅವನು ಬಿಥೂನ್ಯಕ್ಕೆ ಹೋಗೋ ಪ್ಲಾನ್ ಮಾಡಿದ್ದ. ಪವಿತ್ರಾತ್ಮನು ಬಿಡಲಿಲ್ಲ. ತ್ರೋವದಲ್ಲಿ ದರ್ಶನ ಬಂತು, ಮಕೆದೋನ್ಯಕ್ಕೆ ಹೊರಟ. ಪ್ಲಾನ್ ಇದ್ದಿದ್ದರಿಂದಲೇ ಅವನು ದಾರಿಯಲ್ಲಿದ್ದ, ದಾರಿಯಲ್ಲಿದ್ದವನನ್ನು ಆತ್ಮನು ತಿರುಗಿಸಿದ. ಪ್ಲಾನ್ ಪೆನ್ಸಿಲ್‌ನಲ್ಲಿ ಬರೆಯಿರಿ, ರಬ್ಬರ್ ಕರ್ತನ ಕೈಗೆ ಕೊಡಿ.

ಐದನೆಯದು, ಇವತ್ತಿನ ಮುಖ್ಯ ಮಾತು: ಗುರಿಗೋಸ್ಕರ ಜನರನ್ನು ತುಳಿಯಬೇಡ.

5ನೇ ಅಧ್ಯಾಯ ಓದುವಾಗ ನೋವಾಗುತ್ತೆ. ಗೋಡೆ ಏಳ್ತಾ ಇದೆ, ಆದರೆ ಗೋಡೆ ಕಟ್ಟೋರ ಮನೆಯಲ್ಲಿ ಊಟ ಇಲ್ಲ. ಹೊಲ, ದ್ರಾಕ್ಷಿತೋಟ ಅಡವಿಟ್ಟು ಧಾನ್ಯ ತಗೋತಾ ಇದ್ದಾರೆ. ರಾಜನ ತೆರಿಗೆಗೆ ಸಾಲ ಮಾಡಿದ್ದಾರೆ. ಮಕ್ಕಳನ್ನು ದಾಸತ್ವಕ್ಕೆ ಕೊಡಬೇಕಾಗಿ ಬಂದಿದೆ. ಸಾಲ ಕೊಟ್ಟೋರು ಯಾರು? ಹೊರಗಿನವರಲ್ಲ, ಸ್ವಂತ ಸಹೋದರರು. ಸನ್ಬಲ್ಲಟನ ಕೈಲಿ ಆಗದ್ದು ಒಳಗಿನ ಬಡ್ಡಿಯಿಂದ ಆಗ್ತಾ ಇತ್ತು.

ಗೋಡೆ ಮುಗಿಯಲಿ, ಆಮೇಲೆ ನೋಡೋಣ ಅಂತ ನೆಹೆಮೀಯ ಅನ್ನಲಿಲ್ಲ. ಬಹಳ ಸಿಟ್ಟು ಬಂತು ಅವನಿಗೆ. ದೊಡ್ಡ ಸಭೆ ಕರೆದ. ಹೊಲ ವಾಪಸ್ ಕೊಡಿಸಿದ, ಬಡ್ಡಿ ನಿಲ್ಲಿಸಿದ, ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದ. ತಾನು ಅಧಿಪತಿಯಾಗಿದ್ದ 12 ವರ್ಷ, ಅಧಿಪತಿಗೆ ಸಲ್ಲಬೇಕಾದ ಭತ್ಯೆಯನ್ನೇ ತಗೊಳ್ಳಲಿಲ್ಲ. ಯಾಕೆ? ಜನರ ಮೇಲಿನ ಹೊರೆ ಆಗಲೇ ಭಾರವಾಗಿತ್ತು. ಗುರಿ ಇಡೋನು ಆ ಗುರಿಯ ಬೆಲೆಯನ್ನು ಮೊದಲು ತಾನೇ ಕೊಟ್ಟ.

ನಾನು ಇಲ್ಲಿ ನಿಮ್ಮಲ್ಲಿ ಕೆಲವರ ಮುಖ ನೋಡ್ತಾ ಇದ್ದೀನಿ. ಕ್ವಾರ್ಟರ್ ಕೊನೆ ಬಂದರೆ ನಿದ್ದೆ ಇಲ್ಲ. ಅಪ್ರೈಸಲ್ ಅಂದರೆ ಎದೆ ಹೊಡೆದುಕೊಳ್ಳುತ್ತೆ. ನಿಮ್ಮ ಬೆಲೆ ಆ ರೇಟಿಂಗ್‌ನಲ್ಲಿದೆ ಅಂತ ಸೈತಾನ ಕಿವಿಯಲ್ಲಿ ಹೇಳ್ತಾ ಇದ್ದಾನೆ. ಮಗನೇ, ಮಗಳೇ, ನಿನ್ನ ಬೆಲೆ ಕಲ್ವಾರಿಯಲ್ಲೇ ತೀರ್ಮಾನ ಆಗಿದೆ. ಯಾವ ಸ್ಪ್ರೆಡ್‌ಶೀಟೂ ಅದನ್ನು ಬದಲಿಸಲ್ಲ. ಸಭೆಯ ಕೆಲಸದಲ್ಲೂ ಸೋತವರಿದ್ದೀರಿ. ಆರಾಧನೆ ಟೀಮ್, ಸಂಡೇ ಸ್ಕೂಲ್, ಸೌಂಡ್, ಎಲ್ಲದಕ್ಕೂ ಹೂಂ ಅಂದು, ಈಗ ಬೈಬಲ್ ತೆಗೆಯೋಕೂ ಶಕ್ತಿ ಇಲ್ಲ. ಆಗ್ತಾ ಇಲ್ಲ ಅಂತ ಹೇಳೋದು ಪಾಪ ಅಲ್ಲ. ಹೊರೆ ಹೊರೋರು ಹೇಳಿದ್ದರಿಂದಲೇ ನೆಹೆಮೀಯನಿಗೆ ಗೊತ್ತಾಯ್ತು. ಕೂಟ ಮುಗಿದ ಮೇಲೆ ಬಂದು ಹೇಳಿ. ಹೊರೆ ಹಂಚಿಕೊಳ್ಳೋಣ.

ನೀವು ಬೇರೆಯವರಿಗೆ ಟಾರ್ಗೆಟ್ ಕೊಡೋ ಸ್ಥಾನದಲ್ಲಿದ್ದರೆ, ನಿಮ್ಮ ಟೀಮಿನಲ್ಲಿ ಒಬ್ಬ ಹುಡುಗ ಮನೆಯಲ್ಲಿ ಏನು ಅಡವಿಟ್ಟು ನಿಮ್ಮ ಡೆಡ್‌ಲೈನ್ ಮುಟ್ಟುತ್ತಾ ಇದ್ದಾನೆ ಅಂತ ಕೇಳಿ. ಅವನ ಆರೋಗ್ಯವಾ? ಅವನ ಮದುವೆಯಾ? ವಿಶ್ವಾಸಿ ಮ್ಯಾನೇಜರ್ ಅಂದರೆ ಡೆಸ್ಕ್ ಮೇಲೆ ವಚನದ ಕ್ಯಾಲೆಂಡರ್ ಇಟ್ಟವನು ಮಾತ್ರ ಅಲ್ಲ. ಗುರಿಗೂ ಕೆಳಗಿನ ಮನುಷ್ಯನಿಗೂ ಮಧ್ಯೆ ನಿಲ್ಲೋನು.

ಈಗ ಕೆಲಸಕ್ಕೆ ಬರೋಣ. ಈ ವಾರ ಒಂದು ಹಾಳೆ ತಗೊಳ್ಳಿ, ಮೂರು ಸಾಲು ಬರೆಯಿರಿ. ಮೊದಲನೇ ಸಾಲು: ನಮ್ಮ ಸಭೆಗೆ, ನನ್ನ ಮನೆಗೆ ಈ ವರ್ಷ ಕರ್ತನು ಕೊಟ್ಟ ಭಾರ ಏನು? ಬರೆಯೋ ಮುಂಚೆ ಪ್ರಾರ್ಥನೆ, ಆತುರ ಬೇಡ. ಎರಡನೇ ಸಾಲು: ನಾನಿರೋ ಟೀಮ್ ಅಥವಾ ಮನೆ ಕೂಟ ಮುಂದಿನ ಮೂರು ತಿಂಗಳಲ್ಲಿ ಅದರ ಯಾವ ಪಾಲು ಕಟ್ಟಬೇಕು? ಇದನ್ನು ಒಬ್ಬರೇ ಬರೆಯಬೇಡಿ, ಕೂತು ಮಾತಾಡಿ. ಮೂರನೇ ಸಾಲು: ಈ ಏಳು ದಿನದಲ್ಲಿ ನನ್ನ ಮನೆಯ ಎದುರಿನ ಕಲ್ಲು ಯಾವುದು? "ಹೆಚ್ಚು ಪ್ರಾರ್ಥಿಸ್ತೀನಿ" ಅಂತ ಬರೆದರೆ ಸಾಲದು. "ಗುರುವಾರ ರಾತ್ರಿ ಒಂಬತ್ತಕ್ಕೆ, ಮೂರು ವಾರದಿಂದ ಬರದ ಆ ತಮ್ಮನಿಗೆ ಫೋನ್ ಮಾಡ್ತೀನಿ" ಅಂತ ಬರೆಯಿರಿ. ಮಾಡಿದ್ದೀನೋ ಇಲ್ಲವೋ ಅಂತ ಶುಕ್ರವಾರ ನಿಮಗೇ ಗೊತ್ತಾಗುತ್ತೆ. ಮೂರನೇ ಸಾಲಿಗೂ ಮೊದಲನೇ ಸಾಲಿಗೂ ಸಂಬಂಧ ಕಾಣದೇ ಇದ್ದರೆ, ಎರಡರಲ್ಲಿ ಒಂದನ್ನು ತಿದ್ದಿ.

ಎಲೂಲ್ ತಿಂಗಳ 25ನೇ ದಿನ ಗೋಡೆ ಮುಗೀತು. 3ನೇ ಅಧ್ಯಾಯದ ಪಟ್ಟಿಯಲ್ಲಿ ನೆಹೆಮೀಯ ಅನ್ನೋ ಹೆಸರು ಒಂದಿದೆ, ಆದರೆ ಅದು ಅಜ್ಬೂಕನ ಮಗ, ಬೇರೊಬ್ಬ. ನಮ್ಮ ನೆಹೆಮೀಯ ತನ್ನ ಹೆಸರಿನಲ್ಲಿ ಒಂದು ಪಾಲನ್ನೂ ಬರೆಸಿಕೊಂಡಿಲ್ಲ. ಶತ್ರುಗಳೇ ನೋಡಿ, ಇದು ದೇವರಿಂದ ಆದ ಕೆಲಸ ಅಂತ ಒಪ್ಪಿಕೊಂಡರು. 52 ದಿನದ ಲೆಕ್ಕ ಮನುಷ್ಯನದು, ಮಹಿಮೆ ಕರ್ತನದು. ಹಲ್ಲೆಲೂಯಾ!

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಮ್ಮ ಗುರಿಗಳು ನಿನ್ನ ಪಾದದಲ್ಲಿ ಹುಟ್ಟಲಿ. ಯೋಜನೆ ಮಾಡೋ ಜ್ಞಾನ ಕೊಡು, ನೀನು ತಿರುಗಿಸಿದಾಗ ತಿರುಗೋ ಮನಸ್ಸು ಕೊಡು. ಮುಂದೆ ನಿಂತವರಿಗೆ ಕೇಳೋ ಕಿವಿ ಕೊಡು. ಹೊರೆ ಹೊತ್ತು ಸೋತ ನಿನ್ನ ಮಕ್ಕಳನ್ನು ಈ ಗಳಿಗೆಯಲ್ಲಿ ಮುಟ್ಟು ಕರ್ತನೇ, ಪವಿತ್ರಾತ್ಮನ ಬಲದಿಂದ ತುಂಬಿಸು. ನಮ್ಮ ನಮ್ಮ ಮನೆಯ ಎದುರಿನ ಕಲ್ಲನ್ನು ಈ ವಾರ ಇಡೋಕೆ ಸಹಾಯ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.