ತಡವಾಗಿ ಬಂದ ಸಾಕ್ಷ್ಯ ಮತ್ತು ನ್ಯಾಯಾಧೀಶರ ವಿವೇಚನೆ

ಸತ್ಯವನ್ನು ಕೇಳಿಸಿಕೊಳ್ಳುವುದಕ್ಕೆ ಕಾಲದ ಗಡಿ ಹಾಕಬಹುದೇ ಎಂಬ ಪ್ರಶ್ನೆ ಧರ್ಮಶಾಸ್ತ್ರದ ವ್ಯವಹಾರ ಪ್ರಕರಣದಷ್ಟು, ಅಂದರೆ ದಾವೆಗಳ ವಿಚಾರಣೆಯನ್ನು ಕುರಿತ ಭಾಗದಷ್ಟು, ಹಳೆಯದು. ಅರಸನು ಛಲವನ್ನು, ಅಂದರೆ ಮಾತಿನ ಕಪಟವನ್ನು, ಬದಿಗಿಟ್ಟು ನಡೆದ ಸಂಗತಿಯನ್ನೇ ಆಧರಿಸಿ ತೀರ್ಪು ಕೊಡಬೇಕೆನ್ನುವ ಯಾಜ್ಞವಲ್ಕ್ಯಸ್ಮೃತಿ, ನಿಜವೂ ಮಂಡನೆಯಾಗದಿದ್ದರೆ ವ್ಯವಹಾರದಲ್ಲಿ ಸೋಲುತ್ತದೆಂದು ಅದೇ ಶ್ಲೋಕದಲ್ಲಿ ಎಚ್ಚರಿಸುತ್ತದೆ. ಮೊದಲೇ ತಿಳಿಸಿರದ ಪತ್ರವಾಗಲಿ ಸಾಕ್ಷಿಯಾಗಲಿ ತೀರ್ಪಾದ ಮೇಲೆ ನಿಷ್ಫಲವೆಂಬುದು ನಾರದಸ್ಮೃತಿಯ ಮತ.

ಇಂದು ಮುಂಬಯಿ ಬಳಿಯ ಥಾಣೆ, ಕಲ್ಯಾಣ, ಬೇಲಾಪುರದ ನ್ಯಾಯಾಲಯಗಳಿಗೆ ಅನ್ವಯಿಸುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ದಾವೆಯೊಡನೆ ದಸ್ತಾವೇಜುಗಳನ್ನು ಹಾಜರುಪಡಿಸಬೇಕೆಂದು ವಿಧಿಸಿ, ತಪ್ಪಿದವರಿಗೆ ನ್ಯಾಯಾಲಯದ ಅನುಮತಿಯೆಂಬ ಒಂದೇ ಬಾಗಿಲನ್ನು ತೆರೆದಿಟ್ಟಿದೆ. ಸ್ಕಾಟ್ಲೆಂಡಿನಲ್ಲಿಯೂ ಗಡುವು ಮೀರಿದ ಪತ್ರಕ್ಕೆ ಎದುರಾಳಿಯ ಒಪ್ಪಿಗೆ ಬೇಕು, ಇಲ್ಲವೇ ಸಕಾರಣ ತೋರಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು.

ಡೊಂಬಿವಲಿಯ ಫ್ಲಾಟೊಂದಕ್ಕಾಗಿ ಅಣ್ಣತಮ್ಮಂದಿರ ದಾವೆ ನಡೆದು, ವಿಚಾರಣೆ ಮುಗಿಯುವ ಹೊತ್ತಿಗೆ ಉಡುಪಿ ಕಡೆಯ ಮೂಲಮನೆಯ ಪೆಟ್ಟಿಗೆಯಲ್ಲಿ ಅಣ್ಣನಿಗೆ ತಂದೆಯ ಕನ್ನಡ ಉಯಿಲು ಸಿಕ್ಕಿತೆಂದು ಭಾವಿಸೋಣ. ಉಯಿಲಿಗೆ ರುಜು ಹಾಕಿದ ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರನ್ನಾದರೂ ನ್ಯಾಯಾಲಯದಲ್ಲಿ ವಿಚಾರಿಸಬೇಕೆಂಬುದು ಕಾನೂನು. ಆದರೆ ದಾವೆ ಎಳೆದಾಡಿದ ವರ್ಷಗಳಲ್ಲಿ ಆ ಸಾಕ್ಷಿಗಳಿಬ್ಬರೂ ತೀರಿಕೊಂಡಿದ್ದರೆ, ಕೈಬರಹವನ್ನು ಗುರುತಿಸುವವರು ಸಿಕ್ಕಾರು, ಆ ದಿನ ತಂದೆಯ ಬುದ್ಧಿ ಸ್ಥಿಮಿತದಲ್ಲಿತ್ತೇ ಎಂದು ಕಣ್ಣಾರೆ ಕಂಡವರನ್ನು ಪಾಟೀಸವಾಲಿನಲ್ಲಿ ಕೇಳುವ ಅವಕಾಶ ಮಾತ್ರ ತಮ್ಮನಿಗೆ ಮರಳಿ ಬಾರದು. ತಡವಾದ ಸಾಕ್ಷ್ಯದ ನೈತಿಕ ತೊಡಕಿರುವುದು ಇಲ್ಲಿಯೇ: ಉತ್ತರಿಸುವ ಶಕ್ತಿಯನ್ನು ಎದುರಾಳಿ ಕಳೆದುಕೊಂಡ ಮೇಲೆ ಬಂದ ಪತ್ರ ನಿಜವಾಗಿದ್ದರೂ, ಅದು ಪರೀಕ್ಷೆಗೆ ಒಳಗಾಗದ ನಿಜ.

ಹಾಗೆಂದು ಬಾಗಿಲನ್ನು ಪೂರ್ತಿ ಮುಚ್ಚುವುದೂ ಅಧರ್ಮವೇ. ತಡವಾದ ಸಾಕ್ಷ್ಯಕ್ಕೆ ಅವಕಾಶವಿತ್ತಿದ್ದ ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಯಮವೊಂದನ್ನು 2002ರಲ್ಲಿ ತೆಗೆದುಹಾಕಿದಾಗ, ಆ ಅಧಿಕಾರ ನ್ಯಾಯಾಲಯದಲ್ಲಿ ಅಂತರ್ಗತವಾಗಿಯೇ ಉಳಿದಿದೆಯೆಂದು ಸುಪ್ರೀಂ ಕೋರ್ಟು 2005ರ ಸೇಲಂ ವಕೀಲರ ಸಂಘದ ತೀರ್ಪಿನಲ್ಲಿ ಹೇಳಿತು. ಅದನ್ನು ವಾಡಿಕೆಯಂತೆ ಬಳಸಕೂಡದೆಂದು 2011ರ ವೇಲುಸಾಮಿ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ವಿವೇಚನೆಯೆಂದರೆ ನ್ಯಾಯಾಧೀಶರ ಔದಾರ್ಯವಲ್ಲ. ಪತ್ರದ ತೂಕವನ್ನೂ ತಡದ ಕಾರಣವನ್ನೂ ಎದುರಾಳಿಗಾಗುವ ನಷ್ಟವನ್ನೂ ಅಳೆದು ನೋಡಲೇಬೇಕಾದ ಕರ್ತವ್ಯ. ಖರ್ಚು ತೆರಿಸಿದರೆ ತುಂಬಿಬರುವ ನಷ್ಟವಾದರೆ ಪತ್ರವನ್ನು ಸ್ವೀಕರಿಸಬೇಕು. ತುಂಬಿಬಾರದ ನಷ್ಟವಾಗಿದ್ದು ತಡಕ್ಕೆ ಉದಾಸೀನವೇ ಕಾರಣವಾಗಿದ್ದರೆ ತಿರಸ್ಕರಿಸಬೇಕು. ಥಾಣೆ, ಕಲ್ಯಾಣ, ಡೊಂಬಿವಲಿಯಂಥ ಪಟ್ಟಣಗಳ ಕನ್ನಡ ಕುಟುಂಬಗಳು ಊರಮನೆಯ ಪತ್ರಗಳನ್ನು ದಾವೆ ಹೂಡುವ ಮೊದಲೇ ಹುಡುಕಿಸಿ ಭಾಷಾಂತರ ಮಾಡಿಸಿಕೊಳ್ಳುವುದು ಎದುರು ನಿಂತ ಒಡಹುಟ್ಟಿದವರಿಗೂ ಸಲ್ಲಬೇಕಾದ ನ್ಯಾಯ.