ರಾಡಾರ್ ಮತ್ತು ಮನಸ್ಸಾಕ್ಷಿ

ಯಾಣದಿಂದ ಕುಮಟೆಗೆ ಇಳಿದು ಹೊನ್ನಾವರ, ಭಟ್ಕಳದತ್ತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವಾಗ ವಾಹನದ ವೇಗ ಅರಿವಿಲ್ಲದೆಯೇ ಏರುತ್ತದೆ. ಪೊಲೀಸರ ರಾಡಾರ್ ಅದನ್ನಳೆದು ದಂಡದ ನೋಟಿಸು ಬಂದರೆ ನಾವು ಮೊದಲು ಹುಡುಕುವುದು ಯಂತ್ರದ ದೋಷವನ್ನು.

ಆ ಹಕ್ಕು ನಮಗಿದೆ. 2021ರ ಕೇಂದ್ರ ನಿಯಮದಂತೆ ಇಂಥ ಸಾಧನಕ್ಕೆ ಪ್ರತಿವರ್ಷ ನವೀಕರಿಸಿದ ಪ್ರಮಾಣಪತ್ರ ಬೇಕು, ರಸ್ತೆಯಲ್ಲಿ ಎಚ್ಚರಿಕೆಯ ಫಲಕವಿರಬೇಕು. ಅಳೆಯುವವರೂ ಲೆಕ್ಕ ಕೊಡಬೇಕೆಂಬುದು ನ್ಯಾಯದ ಮೂಲ.

ಆದರೆ 2023ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದರು. ತಪ್ಪು ನಡೆದಿತ್ತೇ ಎಂಬ ಪ್ರಶ್ನೆ ಅರ್ಧ ಬೆಲೆಗೆ ಮುಗಿದುಹೋಯಿತು. ತಪ್ಪು ಮಾಡದವನು ತಕರಾರು ಬೇಡವೆಂದು ದಂಡ ಕಟ್ಟಿದರೆ ಅದು ಸುಳ್ಳನ್ನು ಒಪ್ಪಿಕೊಂಡಂತೆ. ವೇಗವಾಗಿ ಓಡಿಸಿದವನು ಪ್ರಮಾಣಪತ್ರದ ಲೋಪ ಹಿಡಿದು ಪಾರಾದರೆ ನ್ಯಾಯಾಲಯ ಬಿಟ್ಟೀತು. ರಸ್ತೆ ದಾಟುತ್ತಿದ್ದ ಮಗುವಿಗೆ ಅವನು ಒಡ್ಡಿದ ಅಪಾಯ ಸುಳ್ಳಾಗದು.

ಯಂತ್ರವನ್ನು ಪ್ರಶ್ನಿಸೋಣ. ಅದಕ್ಕೆ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ.