ಹೊಗೆ ಯಾರ ಲೆಕ್ಕಕ್ಕೆ?

ಸಕಲೇಶಪುರದ ಬೆಟ್ಟಸಾಲಿನ ಹೆಗ್ಗದ್ದೆಯಲ್ಲಿ ನಿಂತು ಸುತ್ತ ನೋಡಿರಿ. ಕಾಫಿ, ಏಲಕ್ಕಿ, ಅವುಗಳಿಗೆ ನೆರಳಾಗುವ ಮರಗಳು. ಈ ಮರಗಳು ಗಾಳಿಯಲ್ಲಿನ ಇಂಗಾಲವನ್ನು ಹೀರಿ ಕಾಂಡದಲ್ಲೂ ಮಣ್ಣಿನಲ್ಲೂ ಕೂಡಿಡುತ್ತವೆ. ಭೂಮಿಯನ್ನು ಬಿಸಿಯಾಗಿಸುವ ಅನಿಲಗಳನ್ನು ಪ್ರದೇಶವಾರು ಎಣಿಸಿದರೆ ಈ ಬೆಟ್ಟ ನಿರಪರಾಧಿ ಎನಿಸೀತು.

ಇನ್ನು ರಾಯಚೂರಿನ ಶಕ್ತಿನಗರವನ್ನು ನೋಡಿರಿ. ಕೃಷ್ಣೆಯ ದಡದಲ್ಲಿ 1985ರಲ್ಲಿ ಮೊದಲ ಘಟಕ ಆರಂಭಿಸಿದ ಉಷ್ಣ ವಿದ್ಯುತ್ ಸ್ಥಾವರವು ಬೆಳೆದು 1,720 ಮೆಗಾವ್ಯಾಟ್ ತಲುಪಿತು. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಉತ್ಪಾದಿಸಿದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶ ಸೇರುತ್ತದೆ. ಅದೆಲ್ಲವೂ ರಾಯಚೂರಿನ ಖಾತೆಗೆ. ಛತ್ತೀಸ್‌ಗಢದ ಕೋರ್ಬಾ, ಮಧ್ಯಪ್ರದೇಶದ ಸಿಂಗ್ರೌಲಿಗಳದೂ ಇದೇ ಕಥೆ. ಚಿಮಣಿ ಅಲ್ಲಿ, ಬೆಳಕು ದೂರದ ಊರುಗಳಲ್ಲಿ.

ಹಾಗಾದರೆ ಆ ಹೊಗೆ ಒಲೆ ಉರಿಸಿದವನದೋ, ಉಂಡವನದೋ?

"ನಾವು ಬಿಲ್ಲು ಕಟ್ಟಿದ್ದೇವೆ, ಋಣ ತೀರಿತು" ಎಂದು ನೀವು ಹೇಳಬಹುದು. ಆದರೆ ಬಿಲ್ಲಿನಲ್ಲಿರುವುದು ವಿದ್ಯುತ್ತಿನ ಬೆಲೆ. ಚಿಮಣಿಯ ನೆರೆಯವರು ಉಸಿರಾಡಿದ ಹಾರುಬೂದಿಯ ಬೆಲೆಯನ್ನು ಅದರಲ್ಲಿ ಯಾರೂ ಬರೆದಿಲ್ಲ. ಸ್ಥಾವರ ನಡೆಸುವವರ ಹೊಣೆ ಅವರಿಗಿದೆ, ನಿಜ. ಆದರೆ ಅದರಿಂದ ಉಂಡವನ ಪಾಲು ಅಳಿದುಹೋಗುವುದಿಲ್ಲ.

ಹಾಗೆಂದು ಎಲ್ಲರ ಪಾಲೂ ಸಮಾನವಲ್ಲ. ಒಂದೇ ಊರಿನಲ್ಲಿ ಒಂದು ಬಲ್ಬಿನಡಿ ಮಕ್ಕಳು ಓದುವ ಕೂಲಿಯವರ ಮನೆಯಿದೆ. ಯಾರೂ ಇಲ್ಲದ ಕೋಣೆಯಲ್ಲೂ ಫ್ಯಾನು ತಿರುಗುವ ಬಂಗಲೆಯಿದೆ. ಅಗತ್ಯಕ್ಕೂ ದುಂದುಗಾರಿಕೆಗೂ ಇರುವ ಈ ಅಂತರ ಜಿಲ್ಲಾವಾರು ಅಂಕಿಗಳಲ್ಲಿ ಕಾಣುವುದಿಲ್ಲ. ಬೆಟ್ಟದ ಹಸಿರೂ ನಮ್ಮನ್ನು ಪೂರ್ಣವಾಗಿ ಬಿಡಿಸದು. ತೋಟಕ್ಕೆ ಅತಿಯಾಗಿ ಸುರಿದ ಯೂರಿಯಾದಿಂದ ಹೊರಡುವ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿಯೇರಿಸುತ್ತದೆ. ನೆರಳಿನ ಮರ ಕಡಿದು ಸುಟ್ಟಾಗ, ಅದು ಕೂಡಿಟ್ಟ ಇಂಗಾಲವೂ ಮರಳಿ ಗಾಳಿಗೆ ಸೇರುತ್ತದೆ.

ಆಕಾಶಕ್ಕಂತೂ ಜಿಲ್ಲೆಯ ಗಡಿಯಿಲ್ಲ. ಬಿಸಿಯಾದ ಗಾಳಿ ಹೆಚ್ಚು ತೇವ ಹೊರುತ್ತದೆ, ಸುರಿದರೆ ಒಮ್ಮೆಲೇ ಸುರಿಯುತ್ತದೆ. 2018ರ ಆಗಸ್ಟ್ ಮತ್ತು 2024ರ ಜುಲೈ ತಿಂಗಳ ಮಳೆಗೆ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ ರೈಲುಮಾರ್ಗದಲ್ಲಿ ಗುಡ್ಡ ಕುಸಿದುದನ್ನು ನೀವು ಬಲ್ಲಿರಿ. ಅದಕ್ಕೆ ಕಾರಣಗಳು ಹಲವು. ಆದರೆ ಮಳೆಯ ಏಟು ಹೊಗೆ ಮಾಡಿದವರನ್ನೇ ಹುಡುಕಿಕೊಂಡು ಹೋಗುವುದಿಲ್ಲ ಎಂಬುದಂತೂ ಸ್ಪಷ್ಟ.

ಪ್ರಿಯ ಓದುಗರೇ, ಸರಕಾರದ ಲೆಕ್ಕ ಚಿಮಣಿಯ ಬುಡದಲ್ಲಿ ನಿಲ್ಲುತ್ತದೆ. ನಾವು ವಿಶ್ವಾಸವಿರಿಸಿದ ಲೆಕ್ಕವು ಅಣುವಿನಷ್ಟನ್ನೂ ಬಿಡದೆ, ಪ್ರತಿಯೊಬ್ಬನ ಕೈಯನ್ನೂ ತಲುಪುತ್ತದೆ. ಇಂದು ರಾತ್ರಿ ಸ್ವಿಚ್ಚಿನ ಮೇಲೆ ಕೈಯಿಟ್ಟಾಗ ರಾಯಚೂರಿನ ಆ ನೆರೆಯವನನ್ನು ಒಮ್ಮೆ ನೆನೆಯಿರಿ. ಅವನ ಹಕ್ಕೂ ನಿಮ್ಮ ಮೇಲಿದೆ.